ಬಾಗಿಲಿಗೆ ಗಾಜಿಲ್ಲದ ದಿನ

"ಮೊದಲು ಅದನ್ನ ಸುಟ್ಟು ತೋರಿಸಿ. ಆಮೇಲೆ ದಾರಿ ಬಿಡ್ತೀನಿ."

ಮೆಟ್ಟಿಲಿಗೆ ಅಡ್ಡ ನಿಂತಿದ್ದವಳನ್ನು ಅವನು ತಲೆಯೆತ್ತಿ ನೋಡಿದ. ಹೆಗಲಲ್ಲಿ ಸಾಮಾನಿನ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಬಂದಿದ್ದು ಬಾಗಿಲಿಗೆ ಗಾಜು ಕೂರಿಸೋಕೆ. ಇಲ್ಲಿ ನೋಡಿದರೆ ಮೆಟ್ಟಿಲ ತುಂಬಾ ಹೆಂಗಸರೇ ಕೂತಿದ್ದಾರೆ!

"ಏನನ್ನ ಸುಡಬೇಕು?"

"ನೀವು ತಂದಿರೋ ಗಾಜನ್ನ. ಬೆಂಕಿ ತಡೆಯುತ್ತೆ ಅಂತ ಕಾಗದದಲ್ಲಿ ಬರೆದರೆ ಸಾಕಾ? ಬೆಂಕಿಗೆ ಓದೋಕೆ ಬರುತ್ತಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೊಲಿಯುವವರ ಮೈಗಿಂತ ಹೊಲಿದ ಅಂಗಿಗೇ ಹೆಚ್ಚು ಬೆಲೆ ಕಟ್ಟುವ ಗಾರ್ಮೆಂಟ್ಸ್ ಕಟ್ಟಡ ಅದು. ಬೇಸಿಗೆಯ ಆರಂಭದಲ್ಲಿ ಅವರ ಹೊಲಿಗೆ ಹಾಲಿನ ಪಕ್ಕದ ಬಟ್ಟೆ ಕೋಣೆಗೆ ಬೆಂಕಿ ಬಿತ್ತು. ಎಲ್ಲರೂ ಮೆಟ್ಟಿಲಿಗೆ ಓಡಿದರು, ಬಾಗಿಲೂ ಮುಚ್ಚಿಕೊಂಡಿತು. ಆದರೆ ಬಾಗಿಲಲ್ಲಿದ್ದದ್ದು ಸಾಧಾರಣ ಗಾಜು. ನೋಡನೋಡುತ್ತಲೇ ಸಿಡಿದು ಉದುರಿತು, ಉರಿ ಮೆಟ್ಟಿಲಿಗೇ ನುಗ್ಗಿತು. ಕೊನೆಯಲ್ಲಿ ಇಳಿಯುತ್ತಿದ್ದ ಅವಳ ಸೋದರತ್ತೆಯ ಬಲಗೈ ಮೊಣಕೈವರೆಗೆ ಬೆಂದಿತು.

ಮಾಲೀಕ ಏನು ಮಾಡಿದ? ಮಾರನೇ ವಾರ ಅದೇ ಸಾಧಾರಣ ಗಾಜನ್ನೇ ತಂದು ಹಾಕಿಸಿದ.

ಅವತ್ತೇ ಇವಳು ಮಿಷನ್ ನಿಲ್ಲಿಸಿ ಎದ್ದು ನಿಂತವಳು. ಅವಳ ಹಿಂದೆ ಇಡೀ ಸಾಲು ಎದ್ದಿತು. ಕೊನೆಗೆ ಮಾಲೀಕ ಬೆಂಕಿ ತಡೆಯುವ ಗಾಜು ಹಾಕಿಸಲು ಒಪ್ಪಿದ್ದ. ಹಾಲಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಂತಲೇ ಕರೆಯುತ್ತಿದ್ದರು. ಅವಳ ಕೈಯಲ್ಲಿದ್ದದ್ದು ಸೂಜಿ. ಕತ್ತರಿ ಇದ್ದದ್ದು ಬಾಯಲ್ಲಿ.

ಗಾಜಿನವನು ಚೀಲ ಕೆಳಗಿಟ್ಟ. "ಸರಿ. ಅಂಗಳಕ್ಕೆ ಬನ್ನಿ."

ಅವನು ಎರಡು ತುಂಡು ತಂದ. ಮೊದಲು ಸಾಧಾರಣ ಗಾಜು. ಗ್ಯಾಸಿನ ಉರಿ ಹಿಡಿದದ್ದೇ ತಡ, ಟಪ್ ಅಂತ ಒಡೆಯಿತು. ಅತ್ತೆ ತಟ್ಟನೆ ಮುಖ ತಿರುಗಿಸಿದಳು. ಆ ಸದ್ದು ಅವಳಿಗೆ ಗೊತ್ತಿತ್ತು.

ಆಮೇಲೆ ಎರಡನೇ ತುಂಡು. ಉರಿ ತಾಗಿದ ಕಡೆ ಗಾಜು ಮೆಲ್ಲಗೆ ಮಸುಕಾಯಿತು, ನೊರೆ ಬಂದಂತಾಯಿತು, ಕೊನೆಗೆ ಹಾಲಿನಷ್ಟು ಬೆಳ್ಳಗಾಯಿತು.

"ಕೆಟ್ಟೋಯ್ತು ನೋಡಿ," ಅಂದಳು ಅತ್ತೆ.

"ಕೆಟ್ಟಿಲ್ಲಮ್ಮ. ಈಗ ಕೆಲಸ ಶುರು ಮಾಡಿದೆ. ಗಾಜಿನ ಪದರಗಳ ನಡುವೆ ಒಂದು ಅಂಟು ಇದೆ. ಬಿಸಿ ತಾಗಿದ್ರೆ ಉಬ್ಬಿ ಉರಿಗೆ ಅಡ್ಡ ನಿಲ್ಲುತ್ತೆ. ಜ್ವಾಲೆನೂ ದಾಟಲ್ಲ, ಕಾವೂ ಅಷ್ಟು ಸುಲಭಕ್ಕೆ ದಾಟಲ್ಲ. ಮೇಲಿನ ಮಹಡಿಯವರೂ ಇಳಿಯೋವರೆಗೆ ಮೆಟ್ಟಿಲು ಉಳಿಯುತ್ತೆ."

ಹೇಳುತ್ತಲೇ ಗಾಜಿನ ಹಿಂಬದಿಗೆ ತನ್ನ ಅಂಗೈ ಒತ್ತಿ ಹಿಡಿದ. ಈಚೆ ಉರಿ, ಆಚೆ ಬರಿಗೈ.

ಅವಳು ಮುಂದೆ ಬಂದು ಅವನ ಕೈ ಸರಿಸಿ ಅದೇ ಜಾಗದಲ್ಲಿ ತನ್ನ ಅಂಗೈ ಇಟ್ಟಳು. ಅವನು ಗಾಬರಿಯಾದ.

"ಬೇಡ ರೀ..."

"ನಿಮ್ಮ ಕೈ ನಿಮ್ಮನ್ನ ನಂಬುತ್ತೆ. ನನ್ನ ಕೈ ನಂಬಬೇಕಲ್ಲ?"

ಬೆಚ್ಚಗಿತ್ತು. ಅಷ್ಟೇ. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬೆಚ್ಚಗೆ. ಅವಳು ಕಣ್ಣೆತ್ತಿದಳು. ಅವನು ಉರಿಯನ್ನು ನೋಡುತ್ತಿರಲಿಲ್ಲ, ಅವಳ ಕೈಗೆ ನೋವಾಯಿತೇನೋ ಅಂತ ಅವಳ ಮುಖವನ್ನೇ ನೋಡುತ್ತಿದ್ದ.

*ಮಾಲೀಕನ ಕಡೆಯಿಂದ ಬಂದವನು ಇವನು... ಇವನಿಗೇಕೆ ನನ್ನ ಕೈಯ ಚಿಂತೆ?*

"ದಾರಿ ಬಿಡಿ," ಅಂದಳು ಹೆಂಗಸರಿಗೆ.

ಮಾಲೀಕನ ಜೊತೆ ಒಪ್ಪಂದವಾಯಿತು. ಯಾವ ಮಹಡಿಯ ಮೆಟ್ಟಿಲ ಬಾಗಿಲಲ್ಲಿ ಈ ಗಾಜು ಇಲ್ಲವೋ ಆ ಮಹಡಿಯಲ್ಲಿ ಮಿಷನ್ ಓಡಕೂಡದು. ಹೆಂಗಸರಿಗೆ ಅವಳೇ ಭರವಸೆ ಕೊಟ್ಟಳು: "ನಾನು ನೋಡಿದ್ದೀನಿ, ಒಳಗೆ ಬನ್ನಿ."

ಎಲ್ಲರೂ ಬಂದರು. ಅವಳ ಮಾತು ನಂಬಿ ಬಂದರು.

ಮೊದಲ ಗಾಜು ಅವರ ಬಾಗಿಲಿಗೇ ಕೂತಿತು. ಉಳಿದ ಮಹಡಿಗಳ ಕೆಲಸ ವಾರಗಟ್ಟಲೆ ನಡೆಯಿತು. ಅವಳ ಮಿಷನ್ ಆ ಬಾಗಿಲ ಪಕ್ಕದಲ್ಲೇ. ಅವನು ಮೆಟ್ಟಿಲು ಹತ್ತುವಾಗಲೊಮ್ಮೆ, ಇಳಿಯುವಾಗಲೊಮ್ಮೆ ನಿಂತು, ಬಟ್ಟೆ ತೆಗೆದು ಗಾಜು ಒರೆಸುತ್ತಿದ್ದ. ಧೂಳಿಲ್ಲದ ಗಾಜನ್ನು.

"ಹೀಗೇ ಒರೆಸಿದ್ರೆ ಬೆಂಕಿ ಬರೋ ಮೊದಲೇ ಸವೆದು ಹೋಗುತ್ತೆ ಕಣೇ," ಅಂದಳು ಅತ್ತೆ.

"ಅವರ ಕೆಲಸ, ಅವರು ಮಾಡ್ತಾರೆ."

"ಹೌದಾ? ಹಾಗಾದ್ರೆ ನಿನ್ನ ಕೆಲಸ ನೀನು ಮಾಡು. ಬೆಳಿಗ್ಗೆಯಿಂದ ಒಂದೇ ತೋಳನ್ನ ಎರಡು ಸಲ ಹೊಲಿದಿದ್ದೀಯ."

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಮಾತು ಶುರುವಾಯಿತು. ಮೊದಮೊದಲು ಬರೀ ತಕರಾರು.

"ಗಟ್ಟಿ ಕಬ್ಬಿಣದ ಬಾಗಿಲೇ ಹಾಕಬಹುದಿತ್ತಲ್ಲ, ಗಾಜೇ ಯಾಕೆ?" ಅಂತ ಕೇಳಿದಳು.

"ಆಚೆ ಏನಿದೆ ಅಂತ ಕಾಣಬೇಕಲ್ಲ ರೀ. ಕಾಣದಿದ್ರೆ ಜನ ಬಾಗಿಲು ತೆಗೆದು ಬೆಂಕಿಗೇ ಕಾಲಿಡ್ತಾರೆ. ಒಳಗೆ ಯಾರಾದ್ರೂ ಬಿದ್ದಿದ್ರೂ ಗೊತ್ತಾಗಲ್ಲ."

"ಅಂದ್ರೆ ಗಾಜಿದ್ದರೆ ಆಯ್ತು, ಬದುಕಿದ ಹಾಗೆ."

"ಊಹೂಂ. ಗಾಜೊಂದರಿಂದ ಏನೂ ಆಗಲ್ಲ. ಚೌಕಟ್ಟು, ಅಂಚಿನ ಪಟ್ಟಿ, ಕೀಲು, ತಾನಾಗೇ ಮುಚ್ಚೋ ಬಾಗಿಲು... ಎಲ್ಲಾ ಒಟ್ಟಿಗೆ ನಿಂತ್ರೇನೇ ನಿಲ್ಲೋದು. ಒಂದು ಸಡಿಲ ಆದ್ರೆ ಉಳಿದದ್ದೆಲ್ಲಾ ದಂಡ."

"ನಮ್ಮ ಹೊಲಿಗೆಯವರ ಸಂಘದ ಹಾಗೆ," ಅಂದಳು.

ಅವನು ನಕ್ಕ. ಆ ನಗುವಿಗೆ ಅವಳ ಸಿಟ್ಟೆಲ್ಲ ಒಂದು ಗಳಿಗೆ ಕೆಲಸ ಬಿಟ್ಟು ಕೂತಿತು.

ಹಾಲಿನ ಹೆಂಗಸರೆಲ್ಲ ಅವನನ್ನು ಅಣ್ಣ ಅನ್ನುತ್ತಿದ್ದರು. ಅತ್ತೆ ಅವಳ ಕಿವಿಯಲ್ಲಿ ಉಸುರಿದಳು: "ನೀನೊಬ್ಬಳು ಅವನನ್ನ ಅಣ್ಣ ಅಂದುಬಿಟ್ಟೀಯ, ಜೋಕೆ."

ಅವಳಿಗೆ ಕಿವಿಯವರೆಗೂ ಕೆಂಪೇರಿತು.

ಕೆಲಸ ಮುಗಿಯುವ ವಾರ ಬಂತು. ಒಂದು ಸಂಜೆ ಅವನು ಮೆಟ್ಟಿಲ ತಿರುವಿನಲ್ಲಿ ನಿಂತು, "ನಾಳೆ ನಿಮ್ಮ ಹತ್ರ ಒಂದು ಮಾತು ಆಡೋದಿದೆ," ಅಂದ.

"ಈಗಲೇ ಆಡಿ."

"ಧೈರ್ಯ ನಾಳೆ ಬರುತ್ತೆ."

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂದಳು. ತಲೆ ಎಣ್ಣೆ ಕಂಡಿತ್ತು, ಹೊಸ ಕುಪ್ಪಸ ಮೈಮೇಲಿತ್ತು.

ಬಾಗಿಲಲ್ಲಿ ಗಾಜಿರಲಿಲ್ಲ.

ಚೌಕಟ್ಟು ಬೋಳಾಗಿ ನಿಂತಿತ್ತು. ಆ ತೂತಿನಿಂದ ಅವಳ ಮಿಷನ್ ನೇರ ಕಾಣುತ್ತಿತ್ತು. ಅವಳು ಕೆಳಗೋಡಿ ಕಾವಲುಗಾರನನ್ನು ಕೇಳಿದಳು.

ಕಾವಲುಗಾರ ಹೇಳಿದ: "ನಿಮ್ಮ ಗಾಜಿನವನೇ ಜೊತೆಗಾರನ ಸಮೇತ ಬಂದು ಬಿಚ್ಚಿಕೊಂಡು ಗಾಡಿಯಲ್ಲಿ ಹಾಕ್ಕೊಂಡು ಹೋದ. ಕೆಲಸ ಬಾಕಿ ಇದೆ ಅಂದ, ಬಿಟ್ಟೆ."

ಅವಳು ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು... ಎತ್ತಲಿಲ್ಲ.

ಹೆಂಗಸರೆಲ್ಲ ಬಂದು ಹಾಲು ತುಂಬಿತು. ಮ್ಯಾನೇಜರು ಬಂದು ತೂತನ್ನು ನೋಡಿ, ಅವಳನ್ನು ನೋಡಿ, ತುಟಿಯ ಮೂಲೆಯಲ್ಲಿ ನಕ್ಕ. "ಒಂದು ಹಲಗೆ ಹೊಡೆಸ್ತೀನಿ. ಕೂತ್ಕೊಳ್ಳಿ, ಹೊಲೀರಿ."

"ಒಪ್ಪಂದ ಹಾಗಿಲ್ಲ ಸಾರ್. ಗಾಜಿಲ್ಲ ಅಂದ್ರೆ ಮಿಷನ್ ಇಲ್ಲ."

"ಬಿಚ್ಚಿಕೊಂಡು ಹೋದವನು ನಿಮ್ಮವನೇ ತಾನೇ? ಕೂಲಿ ಹೋದ್ರೆ ಅವನನ್ನೇ ಕೇಳ್ಕೊಳ್ಳಿ."

ಮ್ಯಾನೇಜರು ಹೋದ ಮೇಲೆ ಹಾಲಿನಲ್ಲಿ ಗುಸುಗುಸು ಎದ್ದಿತು. ಗುಂಡಿ ಹಚ್ಚುವ ಅಕ್ಕ, ಮೊದಲ ದಿನ ಅವಳ ಬೆನ್ನಿಗೇ ನಿಂತಿದ್ದವಳು, ಎಲ್ಲರೆದುರು ಅಂದಳು: "ನೀನು ನೋಡಿದ್ದೀನಿ ಅಂದೆ, ನಾವು ಬಂದ್ವಿ. ನೀನು ನೋಡಿದ್ದು ಗಾಜನ್ನೋ ಗಾಜಿನವನನ್ನೋ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

*ಇದೇನಾ ನೀವು ಆಡಬೇಕಿದ್ದ ಮಾತು? ಮಾಲೀಕ ಕರೆದ, ನೀವು ಓಡಿದಿರಿ... ನಮ್ಮ ನಡುವೆಯೇ ಜಗಳ ಹಚ್ಚೋಕೆ ಎಷ್ಟು ಸಲೀಸು ದಾರಿ!*

ಅವಳು ಮಿಷನ್ನಿನ ಮುಂದೆ ಸುಮ್ಮನೆ ಕೂತಳು. ಅತ್ತೆ ಬೆಂದ ಕೈಯನ್ನು ಅವಳ ಬೆನ್ನ ಮೇಲಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ಗಾಡಿ ನಿಂತ ಸದ್ದಾಯಿತು. ಅವನು ಮೆಟ್ಟಿಲು ಹತ್ತಿ ಬಂದ, ಬೆವರಿನಲ್ಲಿ ಅದ್ದಿದವನಂತೆ. ಅವಳು ಬೋಳು ಚೌಕಟ್ಟಿನಾಚೆ ನಿಂತಳು. ಆ ಬಾಗಿಲಲ್ಲಿ ಮೊದಲ ಬಾರಿಗೆ ಇಬ್ಬರ ನಡುವೆ ಗಾಜಿರಲಿಲ್ಲ.

"ಯಾರು ಹೇಳಿ ಬಿಚ್ಚಿದ್ರಿ?"

"ಯಾರೂ ಹೇಳಲಿಲ್ಲ."

"ಮತ್ತೆ?"

ಅವನು ಜೇಬಿನಿಂದ ಎರಡು ಕಪ್ಪು ಪಟ್ಟಿ ತೆಗೆದ. ನೋಡಲು ಒಂದೇ ಥರ. ಬೆಂಕಿಕಡ್ಡಿ ಗೀರಿ ಒಂದಕ್ಕೆ ಹಿಡಿದ. ಅದು ಕರಗಿ ತೊಟ್ಟು ತೊಟ್ಟಾಗಿ ನೆಲಕ್ಕೆ ಬಿತ್ತು. ಇನ್ನೊಂದಕ್ಕೆ ಹಿಡಿದ. ಅದು ಕರಗಲಿಲ್ಲ, ಉಬ್ಬಿ ಉಬ್ಬಿ ಬೆರಳಿಗಿಂತ ದಪ್ಪವಾಯಿತು.

"ಗಾಜಿಗೂ ಚೌಕಟ್ಟಿಗೂ ನಡುವೆ ಇರೋ ಸಂದಿಗೆ ಹಾಕೋ ಪಟ್ಟಿ ಇದು. ಹೀಗೆ ಉಬ್ಬಿ ಸಂದಿ ಮುಚ್ಚಬೇಕು. ಗಾಜಿನ ಕೆಲಸ ಹಿಡಿದ ನಮ್ಮ ಮೇಸ್ತ್ರಿ ಕೊಟ್ಟದ್ದು ಮೊದಲನೇದು, ಬರೀ ರಬ್ಬರು. ಇಡೀ ಕಟ್ಟಡಕ್ಕೆ ಅದನ್ನೇ ಹಾಕಿದ್ದೀನಿ... ನನ್ನ ಕೈಯಾರೆ, ನೋಡದೆ. ಬೆಳಗಿನ ಜಾವ ಒಲೆ ಹಚ್ಚುವಾಗ ಚೀಲದಿಂದ ಒಂದು ತುಂಡು ಬಿದ್ದು ಉರಿಗೆ ತಾಗಿತು. ಕರಗಿಹೋಯ್ತು."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಾಗಿಲ ಬಳಿ ಬಂದರು. ಅವನು ಮುಂದುವರಿಸಿದ.

"ಮೇಸ್ತ್ರಿಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿರು ಅಂದ. ಗಾಜಿಲ್ಲ ಅಂದ್ರೆ ಒಪ್ಪಂದದ ಪ್ರಕಾರ ಇಲ್ಲಿ ಹೊಲಿಗೆ ನಿಲ್ಲುತ್ತೆ, ಇಲ್ಲಿ ನಿಂತ್ರೆ ಮೇಲೂ ಕೆಳಗೂ ಕೆಲಸ ನಿಲ್ಲುತ್ತೆ ಅಂತ ಗೊತ್ತಿತ್ತು. ಅದಕ್ಕೇ ಈ ಗಾಜನ್ನೇ ಬಿಚ್ಚಿದೆ. ಸರಿಯಾದ ಪಟ್ಟಿ ಹುಡುಕ್ಕೊಂಡು ಅಂಗಡಿ ಅಂಗಡಿ ಅಲೆದೆ. ಈ ಬಾಗಿಲಿಗೆ ಆಗೋವಷ್ಟು ಸಿಕ್ತು."

"ನನಗೆ ಯಾಕೆ ಹೇಳಲಿಲ್ಲ? ಫೋನು ಯಾಕೆ ಎತ್ತಲಿಲ್ಲ?"

"ನಿಮಗೆ ಹೇಳಿದ್ರೆ ನೀವು ಮಿಷನ್ ನಿಲ್ಲಿಸ್ತೀರಿ. ಸಂಘದವರೇ ಕತೆ ಕಟ್ಟಿದ್ರು ಅಂತಾರೆ, ನಿಮ್ಮನ್ನೇ ಹೊರಗೆ ಹಾಕ್ತಾರೆ. ನಾನು ಬಿಚ್ಚಿದ್ರೆ ಬೈಗುಳ ನನಗಷ್ಟೇ..."

ಅವಳ ಕಣ್ಣು ತುಂಬಿತು. ಆದರೆ ಬಾಯಿಂದ ಬಂದದ್ದು ಬೇರೆ.

"ನನ್ನ ಪಾಲಿನ ಬೈಗುಳ ಹೊತ್ತುಕೊಳ್ಳೋಕೆ ನಿಮಗೆ ಯಾರು ಹೇಳಿದ್ರು? ನನ್ನನ್ನ ಕಾಪಾಡ್ತೀನಿ ಅಂತ ನನಗೇ ಹೇಳದೆ ಹೊರಟ ಗಂಡಸರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಮಾಲೀಕನೂ ನಮ್ಮ ಒಳ್ಳೇದಕ್ಕೇ ಅಂತಲೇ ಎಲ್ಲಾ ಮುಚ್ಚಿಡೋದು. ಬೆಳಿಗ್ಗೆಯಿಂದ ನಾನಿಲ್ಲಿ ಎಷ್ಟು ಸತ್ತೆ ಗೊತ್ತಾ ನಿಮಗೆ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು." ಆಮೇಲೆ, "ನೀವೆಲ್ಲಿ ತಪ್ಪು ತಿಳೀತೀರೋ ಅಂತ ದಾರಿಯುದ್ದಕ್ಕೂ ಸಂಕಟ. ಎತ್ತಿದ್ರೆ ನಿಮ್ಮ ದನಿ ಕೇಳಿ ಎಲ್ಲಾ ಹೇಳಿಬಿಡ್ತೀನಿ ಅಂತ ಎತ್ತಲಿಲ್ಲ," ಅಂದ.

ಗುಂಡಿ ಹಚ್ಚುವ ಅಕ್ಕ ಕರಗಿ ಬಿದ್ದ ರಬ್ಬರನ್ನು ನೆಲದಿಂದ ಕಿತ್ತು ಅಂಗೈಲಿಟ್ಟುಕೊಂಡಳು. ಅದನ್ನು ನೋಡಿದಳು, ಆಮೇಲೆ ಅವಳನ್ನು ನೋಡಿದಳು. "ಬೆಳಿಗ್ಗೆ ಆಡಿದ ಮಾತು ವಾಪಸ್ಸು ತಗೊಂಡೆ ಕಣೇ," ಅಂದಳು. ಆಮೇಲೆ ಹಾಲಿಗೆಲ್ಲ ಕೇಳುವಂತೆ, "ನಡೀರಿ ಮ್ಯಾನೇಜರ ಹತ್ರ. ಒಂದು ಬಾಗಿಲಲ್ಲ, ಕಟ್ಟಡದ ಎಲ್ಲಾ ಬಾಗಿಲಿನ ಪಟ್ಟಿ ಬದಲಾಗೋವರೆಗೆ ಒಂದು ಹೊಲಿಗೆಯೂ ಬೀಳಲ್ಲ, ಈ ದಿನದ ಕೂಲಿಯೂ ಬಿಡಲ್ಲ."

ಹೆಂಗಸರು ಸಾಲಾಗಿ ಎದ್ದು ಹೊರಟರು. ಅವಳೂ ಹೆಜ್ಜೆಯಿಟ್ಟಳು. ಅತ್ತೆ ತಡೆದಳು.

"ನೀನಿರು. ಅಷ್ಟು ಮಾತಾಡೋಕೆ ನಮಗೂ ಬರುತ್ತೆ."

ಮೇಸ್ತ್ರಿ ಫೋನಿನಲ್ಲೇ ಅವನನ್ನು ಕೆಲಸದಿಂದ ತೆಗೆದಿದ್ದ. ಜೊತೆಗಾರನನ್ನೂ ವಾಪಸ್ಸು ಕರೆಸಿಕೊಂಡಿದ್ದ. ಗಾಡಿಯಲ್ಲಿ ಗಾಜು ಕಂಬಳಿ ಹೊದ್ದು ಮಲಗಿತ್ತು. ಪದರ ಪದರದ ಆ ಗಾಜನ್ನು ಒಬ್ಬನೇ ಎತ್ತುವ ಮಾತೇ ಇಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ಲಿ ಹಿಡೀಬೇಕು?"

"ಭಾರ ಇದೆ ರೀ..."

"ಎಲ್ಲಿ ಹಿಡೀಬೇಕು ಅಂತ ಕೇಳಿದೆ."

ಅವನು ತೋರಿಸಿದ. ಇಬ್ಬರೂ ಒಂದೊಂದು ಬದಿ ಹಿಡಿದರು. ತಿರುವಿನಲ್ಲೊಮ್ಮೆ ನಿಂತು, ಉಸಿರು ತಗೊಂಡು, ಮತ್ತೆ ಹತ್ತಿದರು. ಬಾಗಿಲ ಮುಂದೆ ನಿಂತಾಗ ಗಾಜಿನ ಆಚೆ ಅವನ ಮುಖ, ಈಚೆ ಅವಳದು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಿನ್ನೆ ಉಳಿದ ಮಾತು... ಈಗ ಆಡಲಾ?" ಅಂದ.

"ಕೈಯಲ್ಲಿ ಗಾಜಿದೆ."

"ಅದಕ್ಕೇ. ನೀವು ಬಿಟ್ಟು ಹೋಗೋ ಹಾಗಿಲ್ಲ."

"ಹೇಳದೆ ಹೋದವರು ನಾನಲ್ಲ."

"ಹೌದು." ಅವನು ಗಾಜಿನ ಹಿಡಿತ ಬಿಗಿ ಮಾಡಿದ. "ನೀವಂದ್ರೆ ನನಗೆ ಜೀವ. ಜೊತೆಗೆ ಬಾಳೋಣ್ವಾ?"

ಕೆಳಗಿನ ಆಫೀಸಿನಿಂದ ಹೆಂಗಸರ ದನಿ ಏರುತ್ತಿತ್ತು, ಎಲ್ಲಕ್ಕಿಂತ ಜೋರಾಗಿ ಅತ್ತೆಯದು.

"ಒಂದು ಷರತ್ತು," ಅಂದಳು. "ಕೆಟ್ಟ ಸುದ್ದಿ ಏನೇ ಇರಲಿ, ಮೊದಲು ನನಗೇ ಹೇಳಬೇಕು."

"ಹೇಳ್ತೀನಿ. ಈಗಲೇ ಎರಡಿವೆ."

"ಹೇಳಿ."

"ನನಗೀಗ ಕೆಲಸ ಇಲ್ಲ."

"ಗೊತ್ತು. ಇನ್ನೊಂದು?"

"ತುಂಬಾ ಭಯ ಆಗ್ತಿದೆ."

ಅವಳು ಅಳುತ್ತಲೇ ನಕ್ಕಳು. ಆ ನಗುವಿಗೆ ಗಾಜಿನ ಮೇಲೆ ಅವಳ ಉಸಿರಿನ ಮಂಜು ಕೂತಿತು.

"ನನಗೂ ಆಗ್ತಿದೆ. ಆದ್ರೆ ನನ್ನ ಕಡೆ ನಾನು ಹಿಡಿದಿದ್ದೀನಿ. ನಿಮ್ಮ ಕಡೆ ನೀವು ಬಿಡಬೇಡಿ."

"ಬಿಡಲ್ಲ."

"ಹಾಗಾದ್ರೆ ಎತ್ತಿ."