ಗಿರಣಿ ದೇವಕಿಯ ದನಿ

"ಇದನ್ನ ಅಳಿಸಿ! ಈಗಿಂದೀಗಲೇ ಅಳಿಸಿ!"

ಯಲ್ಲಾಪುರದ ಸಂತೆ ಮೈದಾನದ ಎದುರಿನ ಸೈಬರ್ ಸೆಂಟರಿನಲ್ಲಿ ಕೂತಿದ್ದ ಆರು ಜನರೂ ಒಮ್ಮೆಲೇ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂತಿದ್ದವಳು ದೇವಕಿ. ವಯಸ್ಸು ನಲವತ್ತನಾಲ್ಕು. ಮೊಣಕೈವರೆಗೂ ಗೋಧಿ ಹಿಟ್ಟು. ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಕಾಗದ.

ಅಂಗಡಿಯ ಮಾಲೀಕ ಶರಣ ಕುರ್ಚಿಯಿಂದ ಎದ್ದ. ಬನವಾಸಿ ಕಡೆಯವನು, ನಲವತ್ತೇಳರ ವಯಸ್ಸು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಶಿರಸಿಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ, ಪ್ರೆಸ್ಸು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಈ ಅಂಗಡಿ ಹಾಕಿದ್ದ.

"ಏನಾತ್ರಿ?"

"ಎಂತ ಆಯ್ತು ಅಂತ ಕೇಳ್ತೀರಾ? ನಿಮ್ಮ ಅಂಗಡಿಯಿಂದಲೇ ಹೋಗಿದ್ದಂತಲ್ಲ ಇದು! ಯಾವ ಮಷಿನ್ನಿನಲ್ಲಿ ಇದೆ? ತೋರಿಸಿ... ನಾನೇ ಅಳಿಸ್ತೇನೆ!"

ಯಾರೋ ಕಿಸಕ್ಕೆಂದು ನಕ್ಕರು. ಶರಣ ನಗಲಿಲ್ಲ. ಕಾಗದ ಬಿಡಿಸಿ ನೋಡಿದ.

ಒಂದು ಫೋಟೊ. ಸಂತೆ ಮೈದಾನ ಸಮಿತಿಯ ಸಭೆಯಲ್ಲಿ ದೇವಕಿ ಎದ್ದು ನಿಂತಿದ್ದಾಳೆ, ಒಂದು ಕೈ ಮೇಲಿದೆ, ಬಾಯಿ ಅಗಲವಾಗಿ ತೆರೆದಿದೆ. ಮಾತಾಡುವಾಗ ಯಾರ ಬಾಯಾದರೂ ತೆರೆದೇ ಇರುತ್ತದೆ, ಆದರೆ ಫೋಟೊ ತೆಗೆದವನು ಆ ಕ್ಷಣಕ್ಕೇ ಕಾದಿದ್ದ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: "ಆಂಟಿ ಕೈಗೆ ಮೈಕ್ ಕೊಡಬೇಡಿ! ಮೀಟಿಂಗ್ ಆಂಟಿಯ ಎಂಟು ಲಕ್ಷಣಗಳು." ಆಂಟಿಗಿಂತ ಮೊದಲು ಅವಳ ದನಿ ಬರುತ್ತದೆ. ಆಂಟಿಗೆ ಊರಿನ ಎಲ್ಲದರ ಬಗ್ಗೆಯೂ ದೂರಿದೆ. ಹೀಗೆ ಹೋಗಿ ಎಂಟನೆಯದು... "ಆಂಟಿಯ ಮಾತು ಕೇಳಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಸಭೆಗೆ ಬರುತ್ತಾಳೆ."

ಮದುವೆಯಾಗದ ದೇವಕಿಯ ಎದೆಗೆ ನಾಟಿದ್ದು ಆ ಎಂಟನೆಯದು.

"ಹೌದ್ರಿ," ಎಂದ ಶರಣ ಮೆಲ್ಲಗೆ. "ನನ್ನ ಅಂಗಡ್ಯಾಗ ಕುಂತನ ಯಾರೋ ಹಾಕ್ಯಾರ. ತಪ್ಪಾತು. ಆದ್ರ ಅಳಸಾಕ ಬರೂದಿಲ್ರಿ... ಅದು ಈ ಮಷಿನ್ನಿನಾಗ ಇಲ್ಲ. ಎಲ್ಲಾ ಕಡೆ ಹೋಗೇತಿ."

"ಎಲ್ಲಾ ಕಡೆ ಅಂದ್ರೆ?"

"ಹುಬ್ಬಳ್ಳಿ, ಮುಂಬೈ, ದುಬೈ... ಯಾರು ಎಷ್ಟು ಮಂದಿಗೆ ಕಳಸ್ಯಾರೋ, ಹೆಂಗ ಹೇಳೂದ್ರಿ?"

ದೇವಕಿ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ದುಬೈಯಲ್ಲಿ ಕೂತವರೂ ತನ್ನ ಬಾಯಿ ನೋಡಿ ನಗುತ್ತಿದ್ದಾರೆ! ಶರಣ ನೀರಿನ ಲೋಟ ತಂದು ಮುಂದಿಟ್ಟ. ಅವಳು ಕುಡಿಯಲಿಲ್ಲ.

ಅದು 2008ನೇ ಇಸವಿ. ಸಂತೆ ಮೈದಾನದ ಹಿಂದೆ ಹೆಂಗಸರಿಗೆಂದು ಶೌಚಾಲಯ ಕಟ್ಟಿ ಎರಡು ವರ್ಷವಾಗಿತ್ತು. ಗೋಡೆಗೆ ಬಣ್ಣ, ಬಾಗಿಲಿಗೆ ಬೀಗ. ಉದ್ಘಾಟನೆಗೆ ದೊಡ್ಡವರ ದಿನಾಂಕ ಸಿಕ್ಕಿಲ್ಲ ಎಂದು ಸಮಿತಿ ಕಾಯುತ್ತಲೇ ಇತ್ತು. ಸೊಪ್ಪು ಮಾರುವ ಹೊನ್ನಿ ಬೆಳಿಗ್ಗೆ ಆರಕ್ಕೆ ಬಂದವಳು ಸಂಜೆ ಆರರವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ.

"ನೀರು ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗೂದು ಅಮ್ಮಾ?" ಎಂದಿದ್ದಳು ಒಮ್ಮೆ.

ಅದನ್ನೇ ದೇವಕಿ ಸಭೆಯಲ್ಲಿ ಕೇಳಿದ್ದು. ಅವಳ ದನಿ ದೊಡ್ಡದು, ನಿಜ. ಅಪ್ಪ ತೀರಿಕೊಂಡಾಗ ಇಪ್ಪತ್ತನಾಲ್ಕರ ಹುಡುಗಿ ಹಿಟ್ಟಿನ ಗಿರಣಿಗೆ ಬಂದು ನಿಂತಳು. ಇಪ್ಪತ್ತು ವರ್ಷ ಆ ಮಷಿನ್ನಿನ ಸದ್ದಿನ ಮೇಲೆ ಮಾತಾಡಿದವರು ಪಿಸುಗುಟ್ಟುವುದನ್ನು ಕಲಿಯುವುದಿಲ್ಲ. ಗಿರಣಿ ನಡೆಸುವ ಹುಡುಗಿ ಬೇಡವೆಂದು ಬಂದ ಸಂಬಂಧಗಳೂ ಹಿಂದೆ ಸರಿದಿದ್ದವು. ಅವಳಿಗೆ ಅದರ ಬಗ್ಗೆ ಅಂಥ ದುಃಖವೇನೂ ಇರಲಿಲ್ಲ. ಈ ಕಾಗದ ಬರುವವರೆಗೆ.

ಇಡಗುಂದಿಯಲ್ಲಿ, ಅವಳಿರುವ ಅಣ್ಣನ ಮನೆಯಲ್ಲಿ, ಅತ್ತಿಗೆ ಬಡಿಸುತ್ತ ಕೇಳಿದಳು. "ನೀನು ಎಂತಕ್ಕೆ ಅಲ್ಲಿ ಎದ್ದು ನಿಲ್ಲಲೆ ಹೋದೆ? ಸುಮ್ನೆ ಇಪ್ಪಲೆ ಆಗ್ತಿತ್ತಿಲ್ಯಾ? ಜನ ಎಂತ ಹೇಳ್ತ ಗೊತ್ತಿದ್ದಾ?"

"ಗೊತ್ತಿದ್ದು ಅತ್ತಿಗೆ. ಓದಿದ್ದಿ."

ಆಮೇಲೆ ದೇವಕಿ ಸುಮ್ಮನಾದಳು. ಗಿರಣಿಯಲ್ಲೂ ದನಿ ತಗ್ಗಿಸಿದಳು. ಅದರ ಫಲ ಊರು ಉಣ್ಣಬೇಕಾಯಿತು. ಈಗಷ್ಟೇ ಮೆಣಸು ಬೀಸಿದ್ದು, ಆಗಬಹುದಾ ಎಂದು ಅವಳು ಕೇಳಿದ್ದು ಸದ್ದಿನಲ್ಲಿ ಗಿರಾಕಿಗೆ ತಿಳಿಯದೆ, ಗಿರಾಕಿ ತಲೆಯಾಡಿಸಿದ್ದೇ ಉತ್ತರವಾಗಿ, ಜಟ್ಟಪ್ಪನ ರಾಗಿ ಯಾರದೋ ಮೆಣಸಿನ ಹಿಂದೆಯೇ ಬೀಸಿಹೋಯಿತು. ಜಟ್ಟಪ್ಪನ ಮನೆಯವರು ಎರಡು ದಿನ ಖಾರದ ಮುದ್ದೆ ತಿಂದರಂತೆ.

ಆಗಲೇ ಶರಣ ಜೋಳದ ಚೀಲ ಹಿಡಿದು ಗಿರಣಿಗೆ ಬರತೊಡಗಿದ್ದು. ಎರಡೇ ಕಿಲೊ. ನಾಲ್ಕು ದಿನ ಕಳೆದರೆ ಮತ್ತೆ ಎರಡು ಕಿಲೊ.

"ಒಬ್ರೇ ಇಷ್ಟೊಂದು ರೊಟ್ಟಿ ತಿಂತೀರಾ?" ಎಂದು ಮೂರನೆಯ ವಾರ ಅವಳು ಕೇಳಿಯೇ ಬಿಟ್ಟಳು.

ಶರಣನ ಕಿವಿ ಕೆಂಪಾಯಿತು. "ಇಲ್ರಿ... ಬಾಜೂಕಿನವರಿಗೂ ಕೊಡ್ತೀನಿ."

*ಸುಳ್ಳು ಹೇಳಲೂ ಬರುವುದಿಲ್ಲ ಈ ಮನುಷ್ಯನಿಗೆ...* ಎಂದುಕೊಂಡಳು ದೇವಕಿ. ಬಹಳ ದಿನಗಳ ಮೇಲೆ ನಗು ಬಂತು.

ಒಂದು ಮಧ್ಯಾಹ್ನ ಶರಣನೇ ಹೇಳಿದ. "ನಿಮ್ಮ ಬಗ್ಗೆ ಏನ್ ಬರದಾರ ಅಂತ ಬ್ಯಾರೆಯವರ ಬಾಯಿಂದ ಯಾಕ ಕೇಳ್ತೀರಿ? ಬರ್ರಿ, ಮೌಸ್ ಹಿಡಿಯೂದು ಕಲಸ್ತೀನಿ. ಆಮ್ಯಾಲ ನೋಡೂದು ಬಿಡೂದು ನಿಮಗ ಬಿಟ್ಟದ್ದು."

ಅವಳು ಹೋದಳು. ಕರೆಂಟು ಹೋಗಿ ಗಿರಣಿ ನಿಂತಾಗ ಅವನ ಅಂಗಡಿಯ ಬ್ಯಾಟರಿ ಮಾತ್ರ ನಡೆಯುತ್ತಿತ್ತು, ಹಾಗಾಗಿ ಪಾಠಕ್ಕೆ ಸಮಯ ಧಾರಾಳ. ಬಾಣದ ಗುರುತು ಅವಳು ಹೇಳಿದ ಕಡೆ ಹೋಗದೆ ಮೂಲೆಗೆ ಓಡಿದರೆ ಬೈದಳು. ಶರಣ ಅವಳ ಕೈ ಹಿಡಿದು ತೋರಿಸಲಿಲ್ಲ, ಪಕ್ಕದ ಮೌಸಿನಲ್ಲಿ ತಾನು ಮಾಡಿ ತೋರಿಸಿದ. ದೇವಕಿ ಅದನ್ನು ಗಮನಿಸಿದಳು. ಸ್ವಲ್ಪ ಬೇಸರವೂ ಆಯಿತು!

ಆ ನಡುವೆ ಸಮಿತಿಗೆ ಹೊಸ ಕಾರ್ಯದರ್ಶಿ ಬೇಕಾಯಿತು. ಕಂಪ್ಯೂಟರ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅಧ್ಯಕ್ಷ ಚನ್ನಯ್ಯನವರು ಶರಣನ ಕೊರಳಿಗೆ ಅದನ್ನು ಕಟ್ಟಿದರು. ಅದೇ ವಾರ ಹೊನ್ನಿ ಮೂತ್ರದ ಸೋಂಕು ಹೆಚ್ಚಾಗಿ, ಜ್ವರ ಬಂದು ಆಸ್ಪತ್ರೆ ಸೇರಿದಳು.

ದೇವಕಿಗೆ ಊಟ ಸೇರಲಿಲ್ಲ. *ನಾನು ಬಾಯಿ ಮುಚ್ಚಿಕೊಂಡೆ. ಅವಳು ಆಸ್ಪತ್ರೆ ಸೇರಿದಳು.* ಆದರೂ ಸಭೆಯಲ್ಲಿ ಎದ್ದು ನಿಲ್ಲುವುದೆಂದರೆ ಆ ಫೋಟೊ ಕಣ್ಣಿಗೆ ಕಟ್ಟುತ್ತಿತ್ತು.

ಅದಕ್ಕೊಂದು ದಾರಿ ಇತ್ತು. ಆ ಸಭೆಗಳಲ್ಲಿ ಹೆಂಗಸರು ಮಾತಾಡುವುದಿಲ್ಲ, ಚೀಟಿ ಬರೆದು ಮುಂದಕ್ಕೆ ದಾಟಿಸುತ್ತಾರೆ, ಕಾರ್ಯದರ್ಶಿ ಓದುತ್ತಾನೆ. ಹೆಸರು ಬೇಡ, ಮುಖ ಬೇಡ, ದನಿ ಬೇಡ. ದೇವಕಿಯೂ ಬರೆದಳು. "ಬೀಗ ಯಾವಾಗ ತೆಗೆಯುತ್ತೀರಿ? ಹೊನ್ನಿ ಆಸ್ಪತ್ರೆಯಲ್ಲಿದ್ದಾಳೆ." ಹಿಂದಿನ ಸಾಲಿನಿಂದ ಚೀಟಿ ಕೈಯಿಂದ ಕೈಗೆ ಹೋಗಿ ಶರಣನನ್ನು ತಲುಪಿತು.

ಅವನು ಓದುತ್ತಾನೆ. ಅವನಾದರೂ ಚೆನ್ನಾಗಿ ಓದುತ್ತಾನೆ...

ಶರಣ ಚೀಟಿ ಬಿಡಿಸಿದ. ನೋಡಿದ. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

"ಈ ಚೀಟಿ ನಾ ಓದಂಗಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. "ಅಂಥಾದ್ದೇನು ಬರ್ದಿದ್ದಾರೋ ಮಾರಾಯ!" ಎಂದರು ಯಾರೋ. ಹೊತ್ತಾಯಿತೆಂದು ಚನ್ನಯ್ಯನವರು ಉಳಿದ ವಿಷಯಗಳನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ದೇವಕಿ ಅಷ್ಟರೊಳಗೇ ಹೊರಗೆ ಬಂದಿದ್ದಳು. ನಕ್ಕವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರಿಂದ ಅವಳು ಏನನ್ನೂ ಬಯಸಿರಲಿಲ್ಲ.

ಮರುದಿನ ಶರಣ ಜೋಳ ತಂದ.

"ಜೋಳ ಬೀಸುವುದಿಲ್ಲ."

"ದೇವಕಿಯವರ, ಒಂದ್ ಮಾತು..."

"ನಿನ್ನೆ ಓದಬೇಕಿತ್ತು ಮಾತು. ಅಧ್ಯಕ್ಷರ ಹೆದರಿಕೆಯಾ? ಇಲ್ಲಾ ಈ ಆಂಟಿಯ ಚೀಟಿ ಓದಿದ್ರೆ ನಿಮ್ಮನ್ನೂ ನೋಡಿ ನಗ್ತಾರೆ ಅಂತಲಾ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಮಷಿನ್ನಿನ ಸ್ವಿಚ್ಚು ಹಾಕಿದಳು. ಇಡೀ ಗಿರಣಿ ಸದ್ದಿನಿಂದ ತುಂಬಿತು. ಅವನು ಚೀಲ ಎತ್ತಿಕೊಂಡು ಹೋದ.

ಶನಿವಾರ ದೇವಕಿ ಬಸ್ಸು ಹತ್ತಿ ಶಿರಸಿಗೆ ಹೋದಳು. ಶರಣನ ಅಂಗಡಿ ಬೇಡ, ಬೇರೆ ಸೈಬರ್ ಸೆಂಟರು. ಇನ್ನೆಷ್ಟು ಜನ ನಕ್ಕಿದ್ದಾರೋ ನೋಡಿಬಿಡೋಣ, ಇನ್ನು ಮೇಲೆ ಯಾವ ಸಭೆಗೂ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳೋಣ... ಅಷ್ಟೇ ಅವಳ ಉದ್ದೇಶ. ಕಲಿತ ಹಾಗೆ ಮೌಸ್ ಒತ್ತಿ, ಇದುವರೆಗೆ ನೋಡದೆ ಬಿಟ್ಟಿದ್ದ ಆ ಫೋಟೊದ ಪುಟ ತೆರೆದಳು.

ನಗುವವರು ಬಹಳ ಇದ್ದರು. ಹುಡುಗರಷ್ಟೇ ಅಲ್ಲ, ಇಬ್ಬರು ಹೆಂಗಸರೂ ಇದ್ದರು. ಅದೇ ಫೋಟೊವನ್ನು ಮತ್ತೆ ಮತ್ತೆ ಬೇರೆ ಬೇರೆ ಕಡೆ ಹಾಕಿದ್ದರು. ಮತ್ತು ಪ್ರತಿಯೊಂದರ ಕೆಳಗೂ ಒಂದೇ ಹೆಸರಿನಿಂದ ಒಂದೇ ಸಾಲು ಇತ್ತು.

"ಆಕೆ ಕೇಳಿದ್ದು ಬೀಗದ ವಿಷಯ. ಬೀಗ ಯಾಕೆ ತೆಗೆದಿಲ್ಲ, ಅದನ್ನು ಹೇಳಿ. - ಶರಣ, ಯಲ್ಲಾಪುರ."

ಮೊದಲನೆಯದರ ತಾರೀಖು, ಅವಳು ಅವನ ಅಂಗಡಿಗೆ ನುಗ್ಗಿದ ಮರುದಿನದ್ದು. ಕೊನೆಯದು ನಿನ್ನೆಯದು. ಎಲ್ಲ ಸೇರಿ ಮೂವತ್ತೆಂಟು. "ಆಂಟಿಯ ಅಂಕಲ್ ಬಂದರು ದಾರಿ ಬಿಡಿ" ಎಂದು ಅವನನ್ನೂ ಹಿಡಿದು ಆಡಿಕೊಂಡಿದ್ದರು. ಅವನು ಅದಕ್ಕೆಲ್ಲ ಉತ್ತರ ಕೊಟ್ಟಿರಲಿಲ್ಲ. ಮತ್ತೆ ಬೀಗವನ್ನೇ ಕೇಳಿದ್ದ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ!

ದೇವಕಿಗೆ ಅಕ್ಷರಗಳು ಮಂಜಾದವು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದಳು.

ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದು ಅವನ ಅಂಗಡಿಯ ಬಾಗಿಲಲ್ಲಿ ನಿಂತಳು.

"ಮೂವತ್ತೆಂಟು ಕಡೆ ಕೇಳಿದವರು ಆ ಒಂದು ಕಡೆ ಯಾಕೆ ಕೇಳಲಿಲ್ಲ?"

ಶರಣ ಮೇಜಿನ ಖಾನೆಯಿಂದ ಸಮಿತಿಯ ನಡಾವಳಿ ಪುಸ್ತಕ ತೆಗೆದು ಅವಳ ಮುಂದೆ ತಿರುವಿದ. ಎರಡು ವರ್ಷದಲ್ಲಿ ಹನ್ನೊಂದು ಚೀಟಿ. ಆರು ಅದೇ ಬೀಗದ ಬಗ್ಗೆ. ಪ್ರತಿಯೊಂದರ ಮುಂದೂ "ಓದಲಾಯಿತು".

"ಚೀಟಿ ಓದಿದ್ರ ಮುಗೀತ್ರಿ. ಓದಲಾಯಿತು ಅಂತ ಬರದು ಬಿಡ್ತಾರ. ಎದ್ದು ನಿಂತು ಕೇಳಿದ್ದಕ್ಕ ಮಾತ್ರ ಅದೇ ಸಭಾದಾಗ ಉತ್ತರ ಕೊಡಬೇಕು, ಅದು ಸಮಿತಿ ನಿಯಮ. ಅವತ್ತು ನೀವು ಕೇಳಿದ್ದನ್ನ ಹಿಂದಿನ ಕಾರ್ಯದರ್ಶಿ ಬರದ ಇಲ್ಲ. ಈಗ ನಾ ಓದಿದ್ರ ಇದು ಹನ್ನೆರಡನೇ ಚೀಟಿ ಆಗ್ತಿತ್ತು..."

"ಅದನ್ನ ನನಗೆ ಹೇಳಬೇಕಿತ್ತು! ನನ್ನ ಪ್ರಶ್ನೆ, ನನ್ನನ್ನ ಕೇಳದೆ ಕಿಸೆಯಲ್ಲಿ ಇಟ್ಕೊಂಡ್ರಲ್ಲ... ನಕ್ಕವರಿಗೂ ನಿಮಗೂ ಎಂತ ವ್ಯತ್ಯಾಸ ಆಯ್ತು?"

ಶರಣ ತಲೆ ತಗ್ಗಿಸಿದ. "ಹೌದ್ರಿ. ಅದು ನನ್ನ ತಪ್ಪು. ಮೊದಲ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ." ಕಿಸೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. "ನಾಳೆ ನೀವು ಹೂಂ ಅಂದ್ರ ಓದ್ತೀನಿ. ನೀವ ಕೇಳ್ತೀನಂದ್ರ ಬರಕೋತೀನಿ. ನೀವು ಹೇಳಿದ್ಹಂಗ."

ದೇವಕಿ ಚೀಟಿಯನ್ನು ನೋಡಿದಳು. ಎತ್ತಿಕೊಂಡು ನಾಲ್ಕು ಚೂರು ಮಾಡಿ ಅವನ ಕಸದ ಬುಟ್ಟಿಗೆ ಹಾಕಿದಳು.

ಭಾನುವಾರ ಸಭೆಯಲ್ಲಿ ದೇವಕಿ ಎದ್ದು ನಿಂತಳು. ಎರಡನೆಯ ಸಾಲಿನಲ್ಲಿ ಯಾರೋ ಆಗಲೇ ಮೊಬೈಲು ಮೇಲೆತ್ತಿದ್ದರು.

"ಆ... ಆ ಬೀಗ..."

"ಕೇಳ್ಸೂದಿಲ್ಲಾ!" ಎಂದರು ಹಿಂದಿನಿಂದ. ನಗು.

ದೇವಕಿ ಮೊಬೈಲು ಹಿಡಿದವನ ಕಡೆ ತಿರುಗಿದಳು. "ಸರಿಯಾಗಿ ಹಿಡ್ಕೊಳ್ಳಪ್ಪ, ಬಾಯಿ ಪೂರ್ತಿ ಬರಲಿ!" ಗಿರಣಿಯ ದನಿ. "ಅಧ್ಯಕ್ಷರೇ, ಶೌಚಾಲಯದ ಬೀಗ ಯಾವಾಗ ತೆಗೀತೀರಿ? ಹೊನ್ನಿ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಾಳೆ. ಇನ್ನೂ ಯಾರು ಮಲಗಬೇಕು?"

"ತಾಯೀ, ಕೂಗಬೇಡಿ..." ಎಂದರು ಚನ್ನಯ್ಯನವರು.

"ಕೂಗ್ತಾ ಇಲ್ಲ. ನನ್ನ ದನಿಯೇ ಇಷ್ಟು. ಉತ್ತರ ಹೇಳಿ."

"ಪ್ರಶ್ನೆ ಬರಕೊಂಡೇನ್ರಿ," ಎಂದ ಶರಣ ಪೆನ್ನು ಹಿಡಿದು. "ಉತ್ತರದ ಜಾಗ ಖಾಲಿ ಐತಿ, ಅಧ್ಯಕ್ಷರ."

"ಉದ್ಘಾಟನೆ ಆಗದೆ ಹೇಗೆ..."

"ಹೊನ್ನಿ ಮಾಡ್ತಾಳೆ ಉದ್ಘಾಟನೆ!"

ಹಿಂದಿನ ಸಾಲಿನಲ್ಲಿ ಹೊನ್ನಿ ಎದ್ದಳು. ಅವಳ ಪಕ್ಕದ ಮೀನಿನವಳು ಎದ್ದಳು. ಬಳೆಯವಳೂ ಎದ್ದಳು. ಯಾರೂ ಕೂರಲಿಲ್ಲ. ಚನ್ನಯ್ಯನವರು ಹಣೆ ಒರೆಸಿಕೊಂಡು ಜೇಬಿನಿಂದ ಬೀಗದ ಕೈ ತೆಗೆದರು. ಎರಡು ವರ್ಷದಿಂದ ಅದು ಅವರ ಮನೆಯ ಕೀಲಿಗಳ ಜೊತೆಗೇ ಓಡಾಡುತ್ತಿತ್ತು.

ಅರ್ಧ ಗಂಟೆಯಲ್ಲಿ ಹೊನ್ನಿ ಬಾಗಿಲು ತೆರೆದಳು. ಸುತ್ತ ಜನವೋ ಜನ. ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗದೆ ನಿಂತಿದ್ದರು. ದೇವಕಿ ಅವರ ನಡುವೆ ಶರಣನನ್ನು ಹುಡುಕಿದಳು. ಅವನು ನಡಾವಳಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬದಿಗೆ ನಿಂತಿದ್ದ, ಅವಳನ್ನೇ ನೋಡುತ್ತ.

ಇವನು ತಾನಾಗಿ ಹೇಳುವವನಲ್ಲ. ಇನ್ನೊಂದು ಹತ್ತು ವರ್ಷ ಜೋಳ ಹೊರುತ್ತಾನೆ, ಅಷ್ಟೇ!

ಅವಳು ಎದುರಿಗೆ ಹೋಗಿ ನಿಂತಳು. ಮನೆಯವರ ಹತ್ತಿರ ಮಾತ್ರ ಆಡುವ ಮಾತಿನಲ್ಲಿ, ಅವನೊಡನೆ ಮೊದಲ ಸಲ ಕೇಳಿದಳು.

"ಶರಣ, ಆನು ಒಂದು ಕೇಳ್ತಿ. ಯನ್ನ ಮದ್ವೆ ಆಗ್ತ್ರಾ?"

ಇಡೀ ಸಂತೆ ಮೈದಾನ ತಿರುಗಿ ನೋಡಿತು.

"ಮೆಲ್ಲಕ್ರಿ..." ಶರಣನ ಮುಖ ಕೆಂಪಾಯಿತು. "ಮಂದಿ ಕೇಳಾಕತ್ಯಾರ."

"ಕೇಳ್ಲಿ. ಉತ್ತರ ಹೇಳಿ."

ಇಪ್ಪತ್ತು ವರ್ಷ ಮೊಳೆಗಳ ಜೊತೆ ಸುಮ್ಮನಿದ್ದ ಆ ಮನುಷ್ಯ ಒಮ್ಮೆ ಉಸಿರೆಳೆದುಕೊಂಡ.

"ಆಗ್ತೀನ್ರೀ!" ಎಂದು ಮೈದಾನದ ಆ ತುದಿಗೂ ಕೇಳುವ ಹಾಗೆ ಕೂಗಿದ. ಆಮೇಲೆ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಯಾವಾಗ್ರಿ?" ಎಂದ.