ಬೋರ್ಡು ತಾತನ ಏಟು

“ಹೊಡೀತಿರೋದು ಕಣ್ಣಿಗೆ ರಾಚೋ ಹಾಗೆ ಕಾಣ್ತಿದೆ! ಇನ್ನೇನು ಸಾಕ್ಷಿ ಬೇಕು ಮೇಡಂ?” ಎನ್ನುತ್ತಾ ಪುಟಾಣಿಯ ಅಮ್ಮ ಫೋನನ್ನು ಹೆಡ್‌ಮಿಸ್ ಮುಂದಿಟ್ಟರು.

ಹಾಜರಿ ಪುಸ್ತಕ ಕೊಡಲು ಬಂದಿದ್ದ ಮೆಣಸು ಬಾಗಿಲಲ್ಲೇ ನಿಂತುಬಿಟ್ಟಳು. ಐದನೇ ಕ್ಲಾಸಿನ ಈ ಹುಡುಗಿ ನೋಡಲು ಕಾಳುಮೆಣಸಿನಷ್ಟು, ಬಾಯಿಯೂ ಅಷ್ಟೇ ಖಾರ. ಅದಕ್ಕೇ ಆ ಹೆಸರು. ಆದರೆ ಈಗ ಆ ಬಾಯಿ ಒಣಗಿಹೋಗಿತ್ತು. ಆ ಫೋಟೋ ತೆಗೆದವಳು ಅವಳೇ!

ಫೋಟೋದಲ್ಲಿದ್ದವರು ಬೋರ್ಡು ತಾತ. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರು. ‘ನಿಲ್ಲಿ’ ಎಂದು ಬರೆದ ಕೆಂಪು ಬೋರ್ಡನ್ನು ಅವರು ಚಾಚಿದರೆ ಲಾರಿಯೂ ಗಪ್‌ಚುಪ್ಪಾಗಿ ನಿಲ್ಲುತ್ತಿತ್ತು. ಫೋಟೋದಲ್ಲಿ ಆ ಬೋರ್ಡು ಎಲ್‌ಕೆಜಿ ಪುಟಾಣಿಯ ನೆತ್ತಿಯ ಮೇಲೆ ಸರಿಯಾಗಿ ಕೂತಿತ್ತು. ಪುಟಾಣಿ ಕಣ್ಣು ಮುಚ್ಚಿ ಮುಖ ಕಿವುಚಿದ್ದ.

“‘ತಾತ ಹೊಡೆದ್ರಾ’ ಅಂತ ಮಗೂನೇ ಕೇಳಿದೆ. ಹೂಂ ಅಂದ!”

“ನೀವು ಸಮಾಧಾನ ಮಾಡ್ಕೊಳ್ಳಿ. ಇನ್ಮೇಲೆ ಕೆಲಸಕ್ಕೆ ಬರಬೇಡಿ ಅಂತ ಅವರಿಗೆ ಬೆಳಿಗ್ಗೇನೇ ಹೇಳಿದ್ದೀನಿ” ಎಂದರು ಹೆಡ್‌ಮಿಸ್.

“ಅವರು ಹೊಡೀಲಿಲ್ಲ ಮಿಸ್!” ಮೆಣಸು ಒಳಗೆ ನುಗ್ಗಿದಳು. “ಪುಟಾಣಿ ಸೀನ್ತಾ ಇದ್ದ. ತಾತ ರೋಡಿನ ಮಧ್ಯೆ ಇದ್ರು, ಇವನು ಆಚೆ ಫುಟ್‌ಪಾತಲ್ಲಿದ್ದ. ಹತ್ತಿರಾನೇ ಇರ್ಲಿಲ್ಲ!”

“ನಿನಗೆ ಹೇಗೆ ಗೊತ್ತು?”

ನಾನೇ ತೆಗೆದೆ ಎನ್ನಲು ಬಾಯಿ ತೆರೆದಳು. ಹೆಡ್‌ಮಿಸ್ ಮುಖ ನೋಡಿ ಆ ಮಾತು ನುಂಗಿಬಿಟ್ಟಳು. “ನಾನು... ನೋಡ್ದೆ.”

“ಫೋಟೋ ಸುಳ್ಳು ಹೇಳುತ್ತೇನೇ? ಹೋಗು ಕ್ಲಾಸಿಗೆ.”

ಒಂದು ವಾರದಿಂದ ಮೆಣಸಿಗೆ ಇದೇ ಹುಚ್ಚು. ಅಮ್ಮನ ಫೋನು ಹಿಡಿದು, ಒಂದು ಕಣ್ಣು ಮುಚ್ಚಿ, ಆಚೆ ಈಚೆ ಸರಿದು, ನೀರಿನ ಟ್ಯಾಂಕನ್ನು ಅಪ್ಪನ ಅಂಗೈ ಮೇಲೆ ಕೂರಿಸಿದ್ದಳು. ಅಣ್ಣನ ಬಾಯಿಂದ ಮೋಡ ಉಗುಳಿಸಿದ್ದಳು. ಮೊನ್ನೆ ಶಾಲೆಯ ಪಕ್ಕದ ಪುಸ್ತಕದಂಗಡಿಯ ಮೆಟ್ಟಿಲ ಮೇಲೆ ನಿಂತು ತಾತನ ಬೋರ್ಡನ್ನು ಪುಟಾಣಿಯ ತಲೆಗೆ ತಾಗಿಸಿದ್ದಳು. ಕಾಲುಗಳು ಕಂಡರೆ ಗುಟ್ಟು ರಟ್ಟಾಗುತ್ತದೆಂದು ಝೂಮ್ ಮಾಡಿದ್ದಳು. ‘ಬೋರ್ಡು ತಾತನ ಏಟು!’ ಎಂದು ಬರೆದು, ನಗುವ ಮುಖ ಮೂರು ಹಾಕಿ, ದೊಡ್ಡಮ್ಮನ ಮಕ್ಕಳಾದ ಅಕ್ಕಂದಿರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದಳು. ಫೋಟೋ ಗ್ರೂಪಿಂದ ಗ್ರೂಪಿಗೆ ಹಾರುತ್ತಾ ಹೋಗಿ, ನಗುವ ಮುಖಗಳೆಲ್ಲ ಎಲ್ಲೋ ಉದುರಿಹೋಗಿ, ಏಟು ಮಾತ್ರ ಉಳಿದಿತ್ತು.

ಸಂಜೆ ಅವಳು ತಾತನ ಮನೆ ಹುಡುಕಿಕೊಂಡು ಹೋದಳು. ಸೈಕಲ್ ಅಂಗಡಿಯ ಹಿಂದೆ ಒಂದೇ ಕೋಣೆ. ಗೋಡೆಯ ಮೊಳೆಯಲ್ಲಿ ಸೀಟಿ ನೇತಾಡುತ್ತಿತ್ತು.

“ತಾತ, ನಾಳೆ ಬನ್ನಿ. ನೀವು ಹೊಡೆದಿಲ್ಲ ಅಂತ ತೋರಿಸೋಣ.”

“ಹನ್ನೆರಡು ವರ್ಷ ಒಂದು ಮಗೂಗೂ ಗೀರು ಬೀಳದ ಹಾಗೆ ದಾಟಿಸಿದೀನಿ. ಈಗ ಎಲ್ಲರ ಮುಂದೆ ಪರೀಕ್ಷೆ ಕೊಡ್ಬೇಕಾ? ನಾನು ಬರಲ್ಲ, ಪುಟ್ಟಿ.”

ಮೆಣಸಿನ ಕಣ್ಣು ತುಂಬಿತು. “ಆ ಫೋಟೋ ತೆಗೆದಿದ್ದು ನಾನೇ ತಾತ. ತಮಾಷೆಗೆ.”

ತಾತ ಗೋಡೆಯ ಸೀಟಿಯ ಕಡೆ ನೋಡಿದರು. ಬೈದಿದ್ದರೂ ಚೆನ್ನಾಗಿತ್ತು, ಬೈಯಲೂ ಇಲ್ಲ.

“ಇವತ್ತು ರೋಡು ದಾಟಿಸಿದ್ದು ಯಾರು?” ಎಂದು ಕೇಳಿದರು.

“ಡ್ರಿಲ್ ಸರ್. ಅವರು ಕೈ ತೋರಿಸಿದ್ರೆ ಸ್ಕೂಟರೂ ನಿಲ್ಲಲ್ಲ.”

ತಾತ ಎದ್ದು ಮೊಳೆಯಿಂದ ಸೀಟಿ ತೆಗೆದುಕೊಂಡರು. “ನಾಳೆ ಬರ್ತೀನಿ. ಮಾತಾಡೋಳು ಮಾತ್ರ ನೀನೇ.”

ಮರುದಿನ ಬೆಲ್ ಹೊಡೆಯುವ ಮೊದಲೇ ಮೆಣಸು ಹೆಡ್‌ಮಿಸ್ ಕೋಣೆಗೆ ಹೋದಳು. ಇವತ್ತು ಮಾತು ನುಂಗಲಿಲ್ಲ. “ಫೋಟೋ ತೆಗೆದಿದ್ದು ನಾನು ಮಿಸ್. ಬೈಯೋದಾದ್ರೆ ಆಮೇಲೆ ಬೈಯಿರಿ. ಮೊದಲು ಐದೇ ನಿಮಿಷ ಅಂಗಡಿ ಮೆಟ್ಟಿಲ ಹತ್ರ ಬನ್ನಿ.”

ಹೆಡ್‌ಮಿಸ್ ಬಂದರು. ಅವರು ಕರೆದದ್ದಕ್ಕೆ, ಮಗನನ್ನು ಬಿಡಲು ಬಂದ ಪುಟಾಣಿಯ ಅಮ್ಮನೂ ರಸ್ತೆ ದಾಟಿ ಬಂದರು. ಪುಟಾಣಿ ಡ್ರಿಲ್ ಸರ್ ಕೈ ಹಿಡಿದು ಆಚೆ ಫುಟ್‌ಪಾತಿನಲ್ಲಿ ನಿಂತ. ಹೇಳಿದಂತೆ ಬಂದಿದ್ದ ತಾತ ರಸ್ತೆಯ ಮಧ್ಯೆ ಹೋಗಿ ಬೋರ್ಡು ಚಾಚಿದರು.

“ಎಲ್ಲಿಯ ತಲೆ, ಎಲ್ಲಿಯ ಬೋರ್ಡು! ಏನೂ ತಾಗ್ತಿಲ್ವಲ್ಲೇ?” ಎಂದರು ಹೆಡ್‌ಮಿಸ್.

“ಮೆಟ್ಟಿಲು ಹತ್ತಿ ಮಿಸ್. ಎಡಕ್ಕೆ ಒಂದು ಹೆಜ್ಜೆ. ಅಯ್ಯೋ, ಅಷ್ಟಲ್ಲ! ಸ್ವಲ್ಪ ಬಗ್ಗಿ. ಈಗ ಒಂದು ಕಣ್ಣು ಮುಚ್ಚಿ.”

ಹೆಡ್‌ಮಿಸ್ ಮಂಡಿ ಹಿಡಿದುಕೊಂಡು ಬಗ್ಗಿದರು. “ಅಬ್ಬಬ್ಬಾ!” ಎಂದರು. ಮೆಲ್ಲಗೆ ಇಳಿದು ಪುಟಾಣಿಯ ಅಮ್ಮನಿಗೆ ಜಾಗ ಬಿಟ್ಟರು.

ಅಮ್ಮ ಒಂದು ಕಣ್ಣು ಮುಚ್ಚಿದರು. ಕೆಂಪು ಬೋರ್ಡು ಅವರ ಮಗನ ನೆತ್ತಿಯ ಮೇಲೇ ಇತ್ತು. ಮಗನೋ, ಅರ್ಧ ರಸ್ತೆಯಾಚೆ ಹಾಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ.

“ಮತ್ತೆ ಅವನು ಹೂಂ ಅಂದ್ನಲ್ಲ?” ಎಂದರು ಸಣ್ಣ ದನಿಯಲ್ಲಿ.

ಮೆಣಸು ಕೂಗಿ ಕೇಳಿದಳು. “ಪುಟಾಣೀ, ನಿನ್ನೆ ನಿಂಗೆ ಆನೆ ಹೊಡೀತಾ?”

“ಹೂಂ!”

“ಚಂದಮಾಮ?”

“ಹೂಂ! ಹೂಂ!”

ಡ್ರಿಲ್ ಸರ್ ಕಿಸಕ್ಕನೆ ನಕ್ಕರು. ಪುಟಾಣಿಯ ಅಮ್ಮ ನಗಲಿಲ್ಲ. ನೇರ ತಾತನ ಹತ್ತಿರ ಹೋಗಿ, “ತಪ್ಪಾಯ್ತು, ನಿಮ್ಮನ್ನ ಒಂದು ಮಾತೂ ಕೇಳ್ಲಿಲ್ಲ” ಎಂದರು. ಹೆಡ್‌ಮಿಸ್ ಮಾತ್ರ ಮೆಣಸಿನ ಕಡೆ ತಿರುಗಿ, “ಬೈಯೋದು ಬಾಕಿ ಇದೆ, ಮರೀಬೇಡ. ತಾತ ನಾಳೆಯಿಂದಲ್ಲ, ಈಗಿಂದಾನೇ ಕೆಲಸಕ್ಕೆ” ಎಂದರು.

“ಇನ್ನೊಂದು ಫೋಟೋ ತೆಗಿ. ಆ ಎಲ್ಲಾ ಗ್ರೂಪಿಗೂ ಹೋಗ್ಲಿ” ಎಂದು ಪುಟಾಣಿಯ ಅಮ್ಮ ವಾಪಸ್ ಬಂದು ಫೋನು ಕೊಟ್ಟರು.

ಮೆಣಸು ಮೆಟ್ಟಿಲ ಮೇಲಿಂದಲೇ ಫೋನು ಎತ್ತಿದಳು. ಬೋರ್ಡು ಮತ್ತೆ ತಲೆಯ ಮೇಲೆ ಬಂತು. ಅವಳು ಫೋನು ಇಳಿಸಿ, ಮೆಟ್ಟಿಲಿಳಿದು, ಬಲಕ್ಕೆ ನಡೆದಳು. ತಾತನಿಗೂ ಪುಟಾಣಿಗೂ ನಡುವೆ ರಸ್ತೆ ಕಾಣುವವರೆಗೂ ನಡೆದಳು.

“ಏನೇ, ಇನ್ನೂ ಎಷ್ಟೊತ್ತು? ಕೈ ನೋಯ್ತಿದೆ!” ತಾತ ಕೂಗಿದರು.

“ಇರಿ ತಾತ, ನಿಮ್ಮ ಚಪ್ಪಲಿ ಇನ್ನೂ ಕಾಣ್ತಿಲ್ಲ.” ಅವಳು ಎರಡು ಹೆಜ್ಜೆ ಹಿಂದೆ ಸರಿದು ಕ್ಲಿಕ್ ಮಾಡಿದಳು.

ಆಮೇಲೆ ಕಳಿಸುವ ಗುಂಡಿ ಒತ್ತದೆ, ಫೋನು ಹಿಡಿದು ತಾತನ ಹತ್ತಿರ ಹೋದಳು. “ಮೊದಲು ನೀವು ನೋಡಿ ತಾತ.”