ಅಂಚಿನಲ್ಲಿ ಬರೆದದ್ದು

"ಇಳೀರಿ ಕೆಳಗೆ. ಹೊರಡೋ ಟೈಮಾಯ್ತು."

ಬಸ್ ಚಾಲಕ ಸ್ಟೇರಿಂಗ್ ಹಿಡಿದೇ ಗದರಿದ. ಫಾರಂ ಕಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತವಳು ಕದಲಲಿಲ್ಲ. ಅವಳು ಸಮೀಕ್ಷೆಯವಳು. ಊರಿನ ಪಕ್ಕದಲ್ಲೇ ಹಾಯಲಿರುವ ಅತಿವೇಗದ ರೈಲು ಬೇಕೋ ಬೇಡವೋ ಎಂದು ಊರವರನ್ನೆಲ್ಲ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

"ಒಂದೇ ಪ್ರಶ್ನೆ. ಉತ್ತರ ಹೇಳಿದ್ರೆ ಇಳೀತೀನಿ."

ಅವನು ತಿರುಗಿ ನೋಡಿದ. ಅಯ್ಯೋ, ಆ ಕಣ್ಣುಗಳೇ... ಅವಳ ಪೆನ್ನು ಜಾರಿ ಕೆಳಗೆ ಬಿತ್ತು. ಎತ್ತಿಕೊಟ್ಟವನೂ ಅವನೇ.

ರೈಲು ಬಂದರೆ ಇವನ ಬಸ್ಸು ಹತ್ತುವವರು ಯಾರು? ಖಂಡಿತ ಬೇಡ ಅಂತಾನೆ ಅಂದುಕೊಂಡಿದ್ದಳು.

"ಬೇಕು. ಆದ್ರೆ ಇಲ್ಲಿ ನಿಲ್ಬೇಕು," ಎಂದ ಅವನು. "ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗೋಕೆ ಐದು ಗಂಟೆ ಹಿಡಿಯುತ್ತೆ. ಈ ಬಸ್ಸಲ್ಲಿ ಹಾಗೆ ಒದ್ದಾಡೋರನ್ನ ದಿನಾ ನೋಡ್ತೀನಿ."

ಅವಳು ಫಾರಂನ 'ಬೇಕು' ಚೌಕಕ್ಕೆ ಗುರುತು ಹಾಕಿ, ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಬರೆದಳು: ನಿಲ್ದಾಣ ಇದ್ದರೆ ಮಾತ್ರ.

ಆಮೇಲಿನ ಮೂರು ವಾರ ಏನಾದರೊಂದು ನೆಪ ಹುಡುಕಿ ಅವಳು ಅದೇ ಬಸ್ಸು ಹತ್ತಿದಳು. ಅವನೂ ಮುಂದಿನ ಸೀಟು ಖಾಲಿ ಇಡತೊಡಗಿದ. ಇವರ ಒಲವನ್ನು ಮೊದಲು ಕಂಡುಹಿಡಿದವರು ಒಂದು ದಿನ ಬಸ್ಸು ಹತ್ತಿದ ಅವನ ತಾಯಿ, ಅದೂ ಸರಿಯಾಗಿ ಕಣ್ಣು ಕಾಣದವರು! ಊರೆಲ್ಲ ಇವನನ್ನ ಅಣ್ಣ ಅನ್ನುತ್ತೆ, ಈ ಹುಡುಗಿ ಮಾತ್ರ 'ರೀ' ಅಂತಾಳಲ್ಲ ಎಂದು ನಕ್ಕರು. ಅವಳ ಮುಖ ಕೆಂಪಾಯಿತು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ನೂರಕ್ಕೆ ತೊಂಬತ್ತು ಮಂದಿ ರೈಲಿಗೆ ಒಪ್ಪಿಗೆ. ಪಕ್ಕದಲ್ಲೇ ನಕ್ಷೆ. ಈ ಊರಿಗೆ ನಿಲ್ದಾಣವೇ ಇರಲಿಲ್ಲ.

"ನಮ್ಮ ಮಾತನ್ನ ಅರ್ಧಕ್ಕೆ ಕತ್ತರಿಸಿ ಕೊಟ್ರಲ್ಲ... ನಿಮ್ಮನ್ನ ನಂಬಿದ್ದೆ ನಾನು."

ಅಷ್ಟು ಹೇಳಿ ಅವನು ಬಸ್ಸು ಹೊರಡಿಸಿಯೇಬಿಟ್ಟ.

ಅವಳು ಕಚೇರಿಗೆ ಓಡಿದಳು. ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ ಚೌಕ, ಬೇಕು ಮತ್ತು ಬೇಡ. ಅಂಚಿನ ಬರಹವನ್ನು ಯಾರೂ ಓದಿರಲೇ ಇಲ್ಲ. ನಾಳೆ ಸಾರ್ವಜನಿಕ ಸಭೆ ಇದೆ, ಅಲ್ಲಿ ತುಟಿ ಬಿಚ್ಚಿದರೆ ಕೆಲಸದ ಆಸೆ ಬಿಡು ಎಂದರು ಮೇಲಧಿಕಾರಿ.

ಮರುದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಅವನು ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ. ಕೆಲಸ ಹೋದರೆ ಹೋಗಲಿ, ಅವನ ಕಣ್ಣಲ್ಲಿ ನಾನು ಸುಳ್ಳುಗಾತಿ ಆಗಲಾರೆ... ಕಚೇರಿಯಿಂದ ತಂದ ಫಾರಂ ಕಟ್ಟನ್ನು ಎದೆಗೊತ್ತಿಕೊಂಡು ಅವಳು ವೇದಿಕೆ ಹತ್ತಿದಳು.

"ನೀವು ಓದಿರೋದು ಅರ್ಧ. ಉಳಿದರ್ಧ ನಾನು ಓದ್ತೀನಿ."

ಮೊದಲು ಹೊಲಿಗೆಯವರದು: ಬೇಕು, ನಿಲ್ದಾಣ ಇದ್ದರೆ ಮಾತ್ರ. ಅದು ನಂದು ಎಂದು ಆಕೆ ಎದ್ದು ನಿಂತರು. ಆಮೇಲೆ ಬೇಕರಿಯವರು. ಆಮೇಲೆ ನಿವೃತ್ತ ಮೇಷ್ಟ್ರು. ಓದುತ್ತ ಹೋದಂತೆ ಒಬ್ಬೊಬ್ಬರೇ ಎದ್ದು ನಿಂತು ಕುರ್ಚಿಗಳು ಖಾಲಿಯಾದವು. ಮೇಲಧಿಕಾರಿ ಕಣ್ಣು ಕೆಂಪಗೆ ಮಾಡಿದರೂ ಅವಳ ದನಿ ನಡುಗಲಿಲ್ಲ. ಕೊನೆಯ ಹಾಳೆ ಕೈಗೆ ಬಂದಾಗ ಅವಳು ಹಿಂದಿನ ಸಾಲಿನತ್ತ ನೋಡಿದಳು.

"ಅದು ನಂದು," ಎಂದ ಅವನು ಹಿಂದಿನಿಂದ. "ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಬರ್ಕೊಂಡಿದ್ದಾರೆ. ತಪ್ಪು ತಿಳ್ಕೊಂಡೋನು ನಾನು."

ಸಭೆ ನಡೆಸುತ್ತಿದ್ದ ರೈಲು ಯೋಜನಾ ಸಮಿತಿಯ ಅಧ್ಯಕ್ಷೆ ಹಾಳೆಗಳನ್ನು ತರಿಸಿಕೊಂಡು ತಿರುವಿದರು. ನಿಲ್ದಾಣವಿಲ್ಲದೆ ಈ ಊರಿನ ಒಪ್ಪಿಗೆ ಇಲ್ಲವೆಂದು ದಾಖಲಿಸಿ, ನಕ್ಷೆ ತಿದ್ದಿ ಎಂದು ಅಲ್ಲೇ ಆದೇಶ ಕೊಟ್ಟರು. ಊರಿಗೆ ಊರೇ ಕುಣಿಯಿತು! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಯಾರು ಗೊತ್ತೇ? ಅದೇ ಮೇಲಧಿಕಾರಿ!

ಹೊರಗೆ ಬಸ್ಸಿನ ಮೆಟ್ಟಿಲ ಹತ್ತಿರ ಅವನು ಒಂದು ಖಾಲಿ ಫಾರಂ ಚಾಚಿದ. ಈ ಸಲ ಕೇಳುವ ಸರದಿ ಅವನದು.

"ಒಂದೇ ಪ್ರಶ್ನೆ. ನಾನು ಬೇಕಾ... ಬೇಡ್ವಾ?"

ಅವಳು ತುಂಬಿದ ಕಣ್ಣಲ್ಲೇ 'ಬೇಕು' ಎಂಬಲ್ಲಿ ಗುರುತು ಹಾಕಿದಳು.

"ಅಂಚಲ್ಲಿ ಏನೂ ಬರೀಲಿಲ್ವಲ್ಲ?"

"ಶರತ್ತು ಇದ್ರೆ ತಾನೇ ಬರೆಯೋದು, ರೀ."